ದಕ್ಷಿಣದ ಕಿಟಕಿ, ಎತ್ತರದ ಮಂಚ

ಕೋಲ್ಕತ್ತದ ಪತ್ರಿಕೆಗಳಲ್ಲಿ ಫ್ಲ್ಯಾಟ್ ಜಾಹೀರಾತು ಓದುವ ಕನ್ನಡಿಗರಿಗೆ ಒಂದು ಮಾತು ವಿಚಿತ್ರವೆನಿಸೀತು. ಎಷ್ಟನೇ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ ಎಂಬುದರ ಜತೆಗೇ ‘ದೊಕ್ಖಿನ್ ಖೋಲಾ’ ಎಂದಿರುತ್ತದೆ, ಅಂದರೆ ದಕ್ಷಿಣಕ್ಕೆ ತೆರೆದ ಮನೆ. ಅದೊಂದು ಮಾತಿಗೆ ದರ ಏರುತ್ತದೆ. ಇತ್ತ ಬೆಂಗಳೂರಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಸೈಟು ಎಂದ ಕೂಡಲೇ ಕೊಳ್ಳುವವರ ಹುಬ್ಬು ಗಂಟಾಗುತ್ತದೆ, ದಲ್ಲಾಳಿಯೂ ದರದಲ್ಲಿ ಒಂದಿಷ್ಟು ಬಿಡಲು ಸಿದ್ಧನಾಗುತ್ತಾನೆ. ಯಮನ ದಿಕ್ಕು ನೋಡಿ. ಕೋಲ್ಕತ್ತದವರಿಗೆ ಯಮನ ಭಯ ಇಲ್ಲವೆಂದಲ್ಲ, ಸೆಖೆಯ ಭಯ ಅದಕ್ಕಿಂತ ಜಾಸ್ತಿ.

ಚಿಕ್ಕ ಮನೆಯನ್ನು ಹಿತವಾಗಿ ಕಟ್ಟಿಕೊಳ್ಳಬೇಕೆನ್ನುವವರು ಈ ಊರಿನಿಂದ ಕಲಿಯಬೇಕಾದ ಮೊದಲ ಪಾಠ ಇದೇ: ಚದರಡಿಯ ಲೆಕ್ಕಕ್ಕೆ ಮೊದಲು ಗಾಳಿಯ ಲೆಕ್ಕ. 2011ರ ಜನಗಣತಿಯ ಹೊತ್ತಿಗೆ ಕೋಲ್ಕತ್ತದಲ್ಲಿ ಒಂದು ಚದರ ಕಿಲೋಮೀಟರಿಗೆ 24 ಸಾವಿರಕ್ಕೂ ಹೆಚ್ಚು ಜನ ಇದ್ದರು. ಇಷ್ಟು ಒತ್ತಾಗಿ ಬದುಕುವ ಊರಿನ ಮಧ್ಯಮ ವರ್ಗ ಇಕ್ಕಟ್ಟಿನಲ್ಲೂ ಉಸಿರಾಡುವ ಉಪಾಯಗಳನ್ನು ತಲೆಮಾರುಗಳಿಂದ ಕೂಡಿಸಿಟ್ಟುಕೊಂಡಿದೆ. ಅವುಗಳಲ್ಲಿ ಬಹುಪಾಲು ದುಡ್ಡಿನದಲ್ಲ, ಬುದ್ಧಿಯದು.

ಗಾಳಿಯಿಂದಲೇ ಶುರು ಮಾಡೋಣ. ಬೇಸಿಗೆ ಆರಂಭವಾಗುತ್ತಿದ್ದಂತೆ ಬಂಗಾಳ ಕೊಲ್ಲಿಯ ಕಡೆಯಿಂದ ಬೀಸುವ ತೆಂಕಣ ಗಾಳಿ ಮಳೆಗಾಲ ಮುಗಿಯುವವರೆಗೂ ಈ ಊರಿನ ಆಸರೆ. ಚಳಿಗಾಲದಲ್ಲಿ ಅದು ತಿರುಗಿ ಬಡಗಣದಿಂದ ಬರುತ್ತದೆ. ಹೀಗಾಗಿ ದಕ್ಷಿಣಕ್ಕೊಂದು ದೊಡ್ಡ ಕಿಟಕಿ, ಎದುರು ಗೋಡೆಯಲ್ಲಿ ಉತ್ತರಕ್ಕೊಂದು ಕಿಂಡಿ, ನಡುವೆ ಅಡ್ಡಗೋಡೆ ಇಲ್ಲದ ದಾರಿ ಸಿಕ್ಕರೆ ಹತ್ತಡಿ ಚೌಕದ ಕೋಣೆಯಲ್ಲೂ ಮೈಯ ಬೆವರು ಆರುತ್ತದೆ. ಒಳಬರುವ ದಾರಿ ಎಷ್ಟು ಮುಖ್ಯವೋ ಹೊರಹೋಗುವ ದಾರಿಯೂ ಅಷ್ಟೇ ಮುಖ್ಯ. ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇಟ್ಟು ‘ಗಾಳಿ ಬೆಳಕು ಚೆನ್ನಾಗಿದೆ’ ಎನ್ನುವ ಬಿಲ್ಡರ್‌ಗಳ ಮಾತು ಅರ್ಧ ಮಾತ್ರ ನಿಜ: ಬೆಳಕಿದೆ.

ದಕ್ಷಿಣಕ್ಕೆ ಇನ್ನೊಂದು ಲಾಭವಿದೆ. ಕೋಲ್ಕತ್ತ ಇರುವುದು 22.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತೀರಾ ಹತ್ತಿರ. ಜೂನ್ ಕೊನೆಯ ನಡುಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ, ದಕ್ಷಿಣದ ಕಿಟಕಿಯೊಳಗೆ ಇಣುಕುವುದೇ ಇಲ್ಲ. ಡಿಸೆಂಬರಿನಲ್ಲಿ ಅದೇ ಹೊತ್ತಿಗೆ ಸುಮಾರು 44 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಎರಡಡಿಯ ಸಜ್ಜಾ ಆಗ ತನ್ನ ಕೆಳಗೆ ಸುಮಾರು ಎರಡಡಿಗಷ್ಟೇ ನೆರಳು ಕೊಟ್ಟು ಉಳಿದ ಬಿಸಿಲನ್ನು ಕೋಣೆಯೊಳಕ್ಕೆ ಬಿಡುತ್ತದೆ. ಬೇಕಾದಾಗ ಬಿಸಿಲು, ಬೇಡದಾಗ ನೆರಳು. ಇದಕ್ಕೆ ಯಂತ್ರ ಬೇಡ, ಎರಡಡಿ ಕಾಂಕ್ರೀಟು ಸಾಕು. ಕಾಟ ಕೊಡುವುದು ಪಡುವಣ ಗೋಡೆ. ಸಂಜೆಯ ಓರೆ ಬಿಸಿಲಿಗೆ ಯಾವ ಸಜ್ಜಾವೂ ಅಡ್ಡ ಬರಲಾರದು. ಬಚ್ಚಲು, ಮೆಟ್ಟಿಲು, ಬಟ್ಟೆಯ ಕಪಾಟುಗಳನ್ನು ಆ ಕಡೆಗೆ ತಳ್ಳಿದರೆ ಮಲಗುವ ಕೋಣೆ ರಾತ್ರಿ ಹತ್ತಕ್ಕೂ ಕಾವು ಉಗುಳುತ್ತಿರುವುದು ತಪ್ಪುತ್ತದೆ.

ಕರ್ನಾಟಕದಲ್ಲಿ ಮನೆ ಕಟ್ಟುವವರು ಇದನ್ನು ಹಾಗೇ ನಕಲು ಮಾಡಬೇಕಿಲ್ಲ. ಬೆಂಗಳೂರಿಗೆ ಮಳೆಗಾಲದ ಗಾಳಿ ನೈಋತ್ಯದಿಂದ, ಚಳಿಗಾಲದ ಗಾಳಿ ಮೂಡಣ–ಈಶಾನ್ಯದಿಂದ. ಆಯಾ ಊರಿನ ಗಾಳಿಯನ್ನು ಆಯಾ ಊರಿನ ಹಿರಿಯರನ್ನೇ ಕೇಳುವುದು ಒಳ್ಳೆಯದು. ವಾಸ್ತು ಬಿಡಲಾಗದವರಿಗೂ ಇಲ್ಲಿ ಇಕ್ಕಟ್ಟೇನಿಲ್ಲ. ಅವರ ತಕರಾರು ಹೆಚ್ಚಾಗಿ ಮುಂಬಾಗಿಲಿನ ಬಗ್ಗೆ. ಬಾಗಿಲು ಪೂರ್ವಕ್ಕಿರಲಿ, ದಕ್ಷಿಣದ ಕಿಟಕಿಯನ್ನು ಮಾತ್ರ ಮುಚ್ಚಿಸಬೇಡಿ.

ಕಿಟಕಿಯ ಅಳತೆಗೂ ಒಂದು ಲೆಕ್ಕವಿದೆ. ಸೆಖೆ ಮತ್ತು ತೇವ ಎರಡೂ ಇರುವ ಪ್ರದೇಶಗಳಲ್ಲಿ ತೆರೆದುಕೊಳ್ಳುವ ಜಾಗ ನೆಲದ ವಿಸ್ತಾರದ ಆರನೇ ಒಂದು ಭಾಗದಷ್ಟಾದರೂ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ವಾಸದ ಕೋಣೆ ಕನಿಷ್ಠ 9.5 ಚದರ ಮೀಟರ್, ಅಂದರೆ 102 ಚದರಡಿ ಇರಬೇಕೆನ್ನುವುದೂ ಅದೇ ಸಂಹಿತೆ. ಅಷ್ಟು ಕೋಣೆಗೆ 17 ಚದರಡಿ ತೆರೆದ ಕಿಟಕಿ ಬೇಕು. ಈಗ ಎಲ್ಲೆಡೆ ಹಾಕುತ್ತಿರುವ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಗುಟ್ಟು ರಟ್ಟಾಗುವುದು ಇಲ್ಲೇ. ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ಅದು ಯಾವತ್ತೂ ತೆರೆಯುವುದು ಅರ್ಧ. ನಾಲ್ಕಡಿ ಚೌಕದ ಸ್ಲೈಡಿಂಗ್ ಕಿಟಕಿ ಕೊಡುವುದು ಎಂಟು ಚದರಡಿ ಗಾಳಿ. ಅದೇ ಜಾಗದಲ್ಲಿ ಹೊರಕ್ಕೆ ತೆರೆಯುವ ಎರಡು ಕದದ ಕಿಟಕಿ ಇಟ್ಟರೆ ಹದಿನಾರು. ಚಿಕ್ಕ ಮನೆ ಕಟ್ಟುವವರು ಬಡಗಿಯ ಜತೆ ಜಗಳವಾಡುವುದಿದ್ದರೆ ಈ ವಿಷಯಕ್ಕೇ ಆಡಲಿ.

ಹಳೆಯ ಕೋಲ್ಕತ್ತಕ್ಕೆ ಇದು ಗೊತ್ತಿತ್ತು. ಭವಾನಿಪುರ, ಪದ್ಮಪುಕುರ, ಹಿಂದೂಸ್ಥಾನ್ ಪಾರ್ಕಿನ ಬೀದಿಗಳಲ್ಲಿ ಇನ್ನೂ ಉಳಿದಿರುವ ಮನೆಗಳ ಕಿಟಕಿಗೆ ಹಸಿರು ಬಣ್ಣದ ‘ಖೊರ್‌ಖೊರಿ’ ಇರುತ್ತದೆ. ಅಡ್ಡಡ್ಡ ಜೋಡಿಸಿದ ಮರದ ಪಟ್ಟಿಗಳು, ಅವನ್ನೆಲ್ಲ ಒಟ್ಟಿಗೆ ಹಿಡಿದ ಒಂದು ನಿಲುವು ಕೋಲು. ಕೋಲನ್ನು ಮೇಲೆತ್ತಿದರೆ ಪಟ್ಟಿಗಳು ತೆರೆದುಕೊಳ್ಳುತ್ತವೆ, ಇಳಿಸಿದರೆ ಮುಚ್ಚಿಕೊಳ್ಳುತ್ತವೆ. ಮಳೆ ಹೊಡೆಯುವಾಗಲೂ, ಎದುರುಮನೆಯ ಕಣ್ಣಿಗೆ ಬೀಳದಂತೆಯೂ ಗಾಳಿ ಪಡೆಯುವ ಉಪಾಯ ಅದು. ಅದರ ಮೇಲೆ, ಸೂರಿಗೆ ತಗುಲಿದಂತೆ, ‘ಘುಲ್‌ಘುಲಿ’ ಎಂಬ ಚಿತ್ತಾರದ ಗೂಡುಕಿಂಡಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಬೀಳುತ್ತಿತ್ತು, ಗುಬ್ಬಚ್ಚಿಗಳು ಒಳಬರುತ್ತಿದ್ದವು. ಸೂರು ತಗ್ಗಿದ ಹೊಸ ಫ್ಲ್ಯಾಟುಗಳಲ್ಲಿ ಈ ಕಿಂಡಿ ಕಾಣುವುದು ಅಪರೂಪ. ಬೆಂಗಳೂರು, ಮೈಸೂರುಗಳಲ್ಲೂ ಅದೇ ಕಥೆ. ಹೊಸ ಮನೆಗೆ ಒಂದಡಿ ಎತ್ತರದ ವೆಂಟಿಲೇಟರು ಇಡಿಸಲು ತಗಲುವ ಖರ್ಚು ತೀರಾ ಕಡಿಮೆ. ಸೊಳ್ಳೆಯ ಜಾಲರಿಯೊಂದಿಗೆ ಈಗಲೂ ಇಡಿಸಬಹುದು.

ಕೋಲ್ಕತ್ತದ ಇಂಥ ಹಳೆಯ ಮನೆಗಳನ್ನು ಉಳಿಸಲು ಕಾದಂಬರಿಕಾರ ಅಮಿತ್ ಚೌಧುರಿ 2015ರಲ್ಲಿ ಒಂದು ಆಂದೋಲನವನ್ನೇ ಆರಂಭಿಸಿದರು. ಅವರು ಕಾಪಾಡಬೇಕೆಂದದ್ದು ಜಮೀನ್ದಾರರ ಅರಮನೆಗಳನ್ನಲ್ಲ, ವಕೀಲರು, ಮೇಷ್ಟರುಗಳಂಥ ಸಾಮಾನ್ಯ ಗೃಹಸ್ಥರು ಕಟ್ಟಿಸಿದ ಮನೆಗಳನ್ನು. ಕೆಂಪು ಆಕ್ಸೈಡಿನ ನೆಲ, ಖೊರ್‌ಖೊರಿ ಕಿಟಕಿ, ಬೀದಿಗೆ ತೆರೆದ ‘ರೋಯಾಕ್’ ಎಂಬ ಜಗಲಿ, ಕಬ್ಬಿಣದ ಕಟಾಂಜನದ ವರಾಂಡ ಇವುಗಳ ಗುರುತು. ಅಪಾಯ ಬಂದಿರುವುದು ‘ಪ್ರೊಮೋಟರ್’ಗಳಿಂದ, ಅಲ್ಲಿ ಬಿಲ್ಡರ್‌ಗೆ ಇರುವ ಹೆಸರು ಅದು. ಬೆಂಗಳೂರಿನ ಜಂಟಿ ಅಭಿವೃದ್ಧಿಯಂತೆಯೇ ಮಾಲೀಕ ಜಾಗ ಕೊಡುತ್ತಾನೆ, ಪ್ರೊಮೋಟರ್ ನಾಲ್ಕೈದು ಅಂತಸ್ತು ಎಬ್ಬಿಸುತ್ತಾನೆ, ಫ್ಲ್ಯಾಟುಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಜಾಗದ ಲೆಕ್ಕ ಅಲ್ಲಿ ‘ಕಾಠಾ’ದಲ್ಲಿ. ಒಂದು ಕಾಠಾ ಅಂದರೆ 720 ಚದರಡಿ. ನಮ್ಮ 30–40 ಸೈಟು ಒಂದೂಮುಕ್ಕಾಲು ಕಾಠಾಗೂ ಕಡಿಮೆ. ಅಂಥ ಎರಡು–ಮೂರು ಕಾಠಾದ ಮೇಲೆ ಎಂಟು ಹತ್ತು ಸಂಸಾರಗಳು ನೆಲೆಸಿದಾಗ ಪಕ್ಕದ ಕಟ್ಟಡಕ್ಕೂ ತಮ್ಮ ಕಿಟಕಿಗೂ ನಡುವೆ ನಾಲ್ಕೈದು ಅಡಿಯಷ್ಟೇ ಉಳಿಯುತ್ತದೆ. ಆ ಓಣಿಯಿಂದ ಬೆಳಕು ಹೆಚ್ಚೇನೂ ಬರದು. ಆದರೆ ಬಿಸಿ ಗಾಳಿ ಹೊರಹೋಗಲು ಅದು ಸಾಕು. ಎತ್ತರದ ಸಣ್ಣ ಕಿಟಕಿಗಳನ್ನು ಆ ಕಡೆಗೆ, ದೊಡ್ಡವನ್ನು ರಸ್ತೆಯ ಕಡೆಗೆ ಇಡುವುದು ಜಾಣತನ.

ಇನ್ನು ಮಂಚ. ಕೋಲ್ಕತ್ತದ ಮಧ್ಯಮ ವರ್ಗದ ಮನೆಯ ನಿಜವಾದ ಯಜಮಾನ ಮಂಚವೇ. ಅದರ ನಾಲ್ಕು ಕಾಲುಗಳ ಕೆಳಗೆ ಎರಡೆರಡು, ಮೂರ್ಮೂರು ಇಟ್ಟಿಗೆ ಕೊಟ್ಟು ಎತ್ತರಿಸುವುದು ಅಲ್ಲಿ ಮನೆಮನೆಯ ಪದ್ಧತಿ. ಕೆಳಗೆ ಟ್ರಂಕು, ಅಕ್ಕಿಯ ಡಬ್ಬ, ಚಳಿಗಾಲದ ರಜಾಯಿ, ಹಾರ್ಮೋನಿಯಂ, ಪತ್ರಿಕೆಗಳ ಹಳೆಯ ದುರ್ಗಾಪೂಜಾ ವಿಶೇಷಾಂಕಗಳು ಎಲ್ಲವೂ ಸೇರುತ್ತವೆ. ಅಂಚಿನಿಂದ ಇಳಿಬಿದ್ದ ಚಾದರ ಅವನ್ನೆಲ್ಲ ಮರೆಮಾಡುತ್ತದೆ. ಮಳೆಗಾಲದಲ್ಲಿ ನೆಲಮಹಡಿಗೆ ನೀರು ನುಗ್ಗಿದರೆ ಎರಡು ಇಟ್ಟಿಗೆ ಹೆಚ್ಚು ಕೊಟ್ಟರಾಯಿತು. ಬಂದ ನೆಂಟರು ಕೂರುವುದೂ ಅದೇ ಮಂಚದ ಮೇಲೆ, ಮಕ್ಕಳು ಓದುವುದೂ ಅಲ್ಲೇ, ಹರಟೆಯೂ ಅಲ್ಲೇ. ಸತ್ಯಜಿತ್ ರಾಯ್ ಅವರ ‘ಮಹಾನಗರ’ (1963) ನೋಡಿದವರಿಗೆ ಅತ್ತೆ, ಮಾವ, ನಾದಿನಿ, ಮಗುವಿನೊಂದಿಗೆ ಒಂದು ಸಂಸಾರ ಎಷ್ಟು ಕಡಿಮೆ ಜಾಗದಲ್ಲಿ ಓಡಾಡುತ್ತದೆಂಬುದು ನೆನಪಿರಬಹುದು.

ಲೆಕ್ಕ ಹಾಕಿ ನೋಡಿದರೆ ಇದು ಬಡತನದ ಉಪಾಯ ಮಾತ್ರ ಅಲ್ಲವೆಂದು ತಿಳಿಯುತ್ತದೆ. ಆರಡಿ ಅಗಲ, ಆರೂವರೆ ಅಡಿ ಉದ್ದದ ಮಂಚ 39 ಚದರಡಿ ನೆಲವನ್ನು ಆಕ್ರಮಿಸುತ್ತದೆ. 102 ಚದರಡಿಯ ಕೋಣೆಯಲ್ಲಿ ಅದು ಹೆಚ್ಚುಕಡಿಮೆ ಐದನೇ ಎರಡು ಪಾಲು. ಮೇಲಿನ ಜಾಗ ಹೇಗೂ ಹೋಯಿತು, ಕೆಳಗಿನದನ್ನೂ ಬಿಟ್ಟುಕೊಟ್ಟರೆ ಹೇಗೆ? ಮಂಚದ ಅಡಿಯಲ್ಲಿ ಒಂದೂವರೆ ಅಡಿ ಎತ್ತರ ಸಿಕ್ಕರೆ ಸುಮಾರು 58 ಘನ ಅಡಿ ಸಂಗ್ರಹ ಸಿಗುತ್ತದೆ, ಒಂದು ಒಳ್ಳೆಯ ವಾರ್ಡ್‌ರೋಬಿಗೆ ಸಮ. ಇಂದಿನ ಹೈಡ್ರಾಲಿಕ್ ಮಂಚಗಳು ಹಾಸಿಗೆ ಎತ್ತಿಸಿ ಮಾಡುವ ಕೆಲಸವೂ ಇದೇ. ಒಂದೇ ಕೊರತೆಯೆಂದರೆ ನಾಲ್ಕು ಕಡೆ ಪೆಟ್ಟಿಗೆಯಂತೆ ಮುಚ್ಚಿದ್ದರಿಂದ ತೇವದ ಊರುಗಳಲ್ಲಿ ಒಳಗಿಟ್ಟದ್ದು ಮುಗ್ಗಲು ಹಿಡಿಯುತ್ತದೆ. ಮಂಗಳೂರು, ಸಾಗರ, ತೀರ್ಥಹಳ್ಳಿ ಕಡೆಯವರು ಕಾಲಿರುವ ಎತ್ತರದ ಮಂಚಕ್ಕೆ, ಕೆಳಗೆ ಗಾಲಿಯ ಪೆಟ್ಟಿಗೆಗಳಿಗೆ ಹೋಗುವುದೇ ಮೇಲು.

ಸೋಫಾದ ಲೆಕ್ಕವೂ ಆಗಬೇಕಲ್ಲ. ಮೂರು ಜನರ ಸೋಫಾ ಏಳಡಿ ಉದ್ದ, ಮೂರಡಿ ಅಗಲ: 21 ಚದರಡಿ. ಮನೆಯ ದರ ಚದರಡಿಗೆ 6,000 ರೂಪಾಯಿ ಎಂದಿಟ್ಟುಕೊಂಡರೆ ಸೋಫಾ ನಿಂತ ನೆಲದ ಬೆಲೆಯೇ 1.26 ಲಕ್ಷ. ಅದರ ಮುಂದಿನ ಟೀಪಾಯಿ, ಟೀಪಾಯಿ ಸುತ್ತ ಓಡಾಡುವ ಜಾಗ ಸೇರಿದರೆ ಇನ್ನಷ್ಟು. ಕಿಟಕಿಯ ಕೆಳಗೆ ಒಂದೂವರೆ ಅಡಿ ಅಗಲದ ಕಟ್ಟೆ ಕಟ್ಟಿಸಿ, ಮೇಲೆ ದಿಂಬು ಹಾಸಿ, ಒಳಗೆ ಡ್ರಾಯರ್ ಇಟ್ಟರೆ ಹತ್ತು ಜನ ಬಂದರೂ ಕೂರಬಹುದು. ಬೇಕಾದಾಗ ಎಳೆದುಕೊಂಡು, ಬೇಡವಾದಾಗ ಮೂಲೆಗೆ ಸೇರಿಸಲು ಬಂಗಾಳದವರ ಬೆತ್ತದ ಮೋಡಾದಂಥ ಪೀಠಗಳಿವೆ. ಪ್ರತಿದಿನ ಉಟ್ಟು ಬಿಟ್ಟ, ಇನ್ನೂ ಒಗೆಯಬೇಕಿಲ್ಲದ ಬಟ್ಟೆಗೆ ಅವರು ಇಡುವ ‘ಆಲ್ನಾ’ ಎಂಬ ಮರದ ತೂಗುಚೌಕಟ್ಟೂ ಅನುಕರಣೀಯ. ಆ ಬಟ್ಟೆಗಳೇ ನಮ್ಮಲ್ಲಿ ಕುರ್ಚಿಯ ಬೆನ್ನನ್ನು ಖಾಯಮ್ಮಾಗಿ ಆಕ್ರಮಿಸಿರುತ್ತವೆ.

ದೊಡ್ಡ ಮನೆಯಲ್ಲಿ ಹುಟ್ಟಿ ಚಿಕ್ಕ ಮನೆಯನ್ನು ಬಯಸಿದವರ ಉದಾಹರಣೆ ಬೇಕಿದ್ದರೆ ಕೋಲ್ಕತ್ತದಿಂದ ರೈಲಿನಲ್ಲಿ ಮೂರು ಗಂಟೆಯ ಹಾದಿ ಹೋಗಬೇಕು. ರವೀಂದ್ರನಾಥ ಠಾಕೂರರು 1861ರಲ್ಲಿ ಹುಟ್ಟಿದ್ದು ಜೋಡಾಸಾಂಕೋದ ವಿಶಾಲವಾದ ಮಹಲಿನಲ್ಲಿ. ಎಪ್ಪತ್ತು ದಾಟಿದ ಮೇಲೆ ಶಾಂತಿನಿಕೇತನದಲ್ಲಿ ಅವರು ಕಟ್ಟಿಸಿಕೊಂಡದ್ದು ‘ಶ್ಯಾಮಲಿ’ ಎಂಬ ಮಣ್ಣಿನ ಮನೆ. 1935ರಲ್ಲಿ ಸಿದ್ಧವಾದ ಆ ಮನೆಯ ವಿನ್ಯಾಸ ಸುರೇಂದ್ರನಾಥ ಕರ್ ಅವರದು, ಹೊರಗೋಡೆಯ ಉಬ್ಬುಚಿತ್ರಗಳು ನಂದಲಾಲ ಬಸು ಮತ್ತು ಕಲಾಭವನದವರವು. ಹುಲ್ಲಿನ ಸೂರಿಗೆ ಬೆಂಕಿ ತಗಲುವ ಹಳ್ಳಿಗಳಿಗೆ ಒಂದು ಮಾದರಿಯಾಗಲಿ ಎಂದು ಛಾವಣಿಯನ್ನೂ ಮಣ್ಣಿನಿಂದಲೇ ಮಾಡುವ ಪ್ರಯೋಗ ಅದು. ಕಾವು ತಡೆಯಲು ಮಣ್ಣಿನ ಗಡಿಗೆಗಳನ್ನು ಹುದುಗಿಸಿ ಕಟ್ಟಿದರು. ಗಡಿಗೆಯೊಳಗಿನ ಗಾಳಿ ಬಿಸಿಲಿನ ಬಿಸಿಯನ್ನು ಒಳಕ್ಕೆ ಸುಲಭವಾಗಿ ಬಿಡದು. ಗಾಂಧೀಜಿಯೂ ಇಲ್ಲಿ ತಂಗಿದ್ದುಂಟು. ಕವಿಗೆ ಒಂದೇ ಮನೆಯಲ್ಲಿ ಬಹಳ ದಿನ ಇರುವ ಸ್ವಭಾವವಿರಲಿಲ್ಲ; ಮುಂದೆ ‘ಪುನಶ್ಚ’, ‘ಉದೀಚಿ’ ಎಂದು ಇನ್ನೂ ಎರಡು ಸಣ್ಣ ಮನೆಗಳು ಅದೇ ಆವರಣದಲ್ಲಿ ಎದ್ದವು. ಶಾಂತಿನಿಕೇತನ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಗಡಿಗೆಯ ಉಪಾಯ ಇಂದಿನ ತಾರಸಿಗೂ ಹೊಂದುತ್ತದೆ. ಮೇಲ್ಮಹಡಿಯ ಚಿಕ್ಕ ಮನೆಗೆ ದೊಡ್ಡ ಶತ್ರು ತಲೆಯ ಮೇಲಿನ ಕಾಂಕ್ರೀಟು. ಹೊಸದಾಗಿ ಕಟ್ಟುವವರು ಹಂಚನ್ನೋ ಗಡಿಗೆಯನ್ನೋ ನಡುವೆ ಇಟ್ಟು ಫಿಲ್ಲರ್ ಸ್ಲ್ಯಾಬ್ ಹಾಕಿಸಬಹುದು. ಇದರಿಂದ ಕಾಂಕ್ರೀಟೂ ಉಳಿಯುತ್ತದೆ. ಕಟ್ಟಿ ಆಗಿದ್ದರೆ ತಾರಸಿಗೆ ಬಿಳಿ ಹೆಂಚಿನ ಚೂರು ಕೂರಿಸುವುದು, ಅದೂ ಆಗದಿದ್ದರೆ ಮಾರ್ಚ್ ಬರುತ್ತಿದ್ದಂತೆ ಸುಣ್ಣ ಬಳಿಯುವುದು. ಸುಣ್ಣ ಮಳೆಗೆ ತೊಳೆದು ಹೋಗುತ್ತದೆ ನಿಜ. ಮಳೆ ಬಂದ ಮೇಲೆ ಅದರ ಅಗತ್ಯವೂ ಇರುವುದಿಲ್ಲ.

ಯಾವ ಕೋಣೆ ಬೇಕು, ಯಾವುದು ಬೇಡ ಎಂಬ ಪ್ರಶ್ನೆಗೆ ಅಮೆರಿಕದ ವಾಸ್ತುಶಿಲ್ಪಿ ಸಾರಾ ಸುಸಾಂಕಾ 1998ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಉಪಯೋಗಿಸದ ಕೋಣೆಗೆ ಸುರಿಯುವ ದುಡ್ಡನ್ನು ಉಪಯೋಗಿಸುವ ಕೋಣೆಯ ಗುಣಕ್ಕೆ ಹಾಕಿ ಎಂಬುದು ಅವರ ವಾದದ ತಿರುಳು. ಅವರು ಎದುರಿಟ್ಟುಕೊಂಡದ್ದು ಅಲ್ಲಿಯ ಬೃಹತ್ ಬಂಗಲೆಗಳನ್ನು. ಆದರೂ ನಮ್ಮ ಎರಡು ಬೆಡ್‌ರೂಮಿನ ಮನೆಗಳಿಗೂ ಈ ಪರೀಕ್ಷೆ ಬೇಕು. ಮನೆಮಂದಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲೆಲ್ಲಿ ಕೂರುತ್ತಾರೆಂದು ಒಂದು ವಾರ ಗೋಡೆಯ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿಕೊಂಡರೆ ಬಹಳಷ್ಟು ಭ್ರಮೆ ಹರಿಯುತ್ತದೆ. ಊಟದ ಮೇಜಿನ ಮೇಲೆ ಊಟಕ್ಕಿಂತ ಇಸ್ತ್ರಿ ಬಟ್ಟೆ, ಮಾತ್ರೆಗಳ ಡಬ್ಬ, ಲ್ಯಾಪ್‌ಟಾಪ್‌ಗಳೇ ಹೆಚ್ಚು ಹೊತ್ತು ಇರುವುದು ಪತ್ತೆಯಾದೀತು. ಹಾಗಿದ್ದರೆ ಗೋಡೆಗೆ ಮಡಚುವ ಮೇಜು ಸಾಕು. ‘ನೆಂಟರ ಕೋಣೆ’ ವರ್ಷದಲ್ಲಿ ಎಷ್ಟು ರಾತ್ರಿ ಬಳಕೆಯಾಗುತ್ತದೆಂಬ ಲೆಕ್ಕವೂ ಇರಲಿ.

ಲೆಕ್ಕಕ್ಕೆ ಸಿಗದೆ ಸೋರಿಹೋಗುವ ಜಾಗ ಬಾಗಿಲಿನದು. ಎರಡೂವರೆ ಅಡಿಯ ಕದ ತೆರೆಯುವಾಗ ಸುಮಾರು ಐದು ಚದರಡಿ ನೆಲವನ್ನು ಗುಡಿಸಿಕೊಂಡು ಹೋಗುತ್ತದೆ, ಅಲ್ಲಿ ಏನನ್ನೂ ಇಡುವಂತಿಲ್ಲ. ಆರು ಬಾಗಿಲಿಗೆ 30 ಚದರಡಿ. ಕಟ್ಟಡ ಸಂಹಿತೆ ಶೌಚಾಲಯ ಸೇರಿದ ಬಚ್ಚಲಿಗೆ ಕೇಳುವ ಕನಿಷ್ಠ ಜಾಗವೂ 2.8 ಚದರ ಮೀಟರ್, ಅಂದರೆ ಅಷ್ಟೇ! ಅಡುಗೆಮನೆ, ಓದುವ ಮೂಲೆಗಳಿಗೆ ಸರಿಯುವ ಬಾಗಿಲು ಅಥವಾ ಬರೀ ಪರದೆ ಸಾಕು. ಬಚ್ಚಲಿಗೆ ಮಾತ್ರ ಸರಿಯುವ ಬಾಗಿಲು ಬೇಡ. ನೀರು, ವಾಸನೆ, ಸದ್ದು ಮೂರನ್ನೂ ಅದು ತಡೆಯಲಾರದು. ಬಚ್ಚಲಿನ ಸೂರು ಏಳಡಿಗೆ ನಿಂತರೆ ಅದರ ಮೇಲೆ ಒಂದು ಅಟ್ಟ ಪುಕ್ಕಟೆ ಸಿಗುತ್ತದೆ.

ಅಡುಗೆಮನೆಯ ವಿಷಯದಲ್ಲಿ ಪತ್ರಿಕೆಗಳ ಹೊಳೆಯುವ ಚಿತ್ರಗಳನ್ನು ನಂಬಬಾರದು. ಗೋಡೆಯಿಲ್ಲದ ಅಡುಗೆಮನೆ ಚಿಕ್ಕ ಮನೆಯನ್ನು ದೊಡ್ಡದಾಗಿ ತೋರಿಸುತ್ತದೆ, ಆದರೆ ಸಾಸಿವೆ ಎಣ್ಣೆಯಲ್ಲಿ ಇಲಿಶ್ ಮೀನು ಹುರಿದ ದಿನ ಕೋಲ್ಕತ್ತದ ಮನೆಯ ದಿಂಬೂ ಅದೇ ವಾಸನೆ ಹೊಡೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆಗೆ ಮನೆಮಂದಿಯೆಲ್ಲ ಕೆಮ್ಮುವುದು ನಮ್ಮಲ್ಲೂ ಇದ್ದದ್ದೇ. ಮೇಲರ್ಧ ಗಾಜಿನ ಸರಿಯುವ ಬಾಗಿಲೊಂದು ಬೆಳಕು ಬಿಟ್ಟು ಹೊಗೆ ತಡೆಯುತ್ತದೆ. ಒಲೆಯನ್ನು ಗಾಳಿ ಮನೆಯಿಂದ ಹೊರಹೋಗುವ ದಿಕ್ಕಿಗೆ ಇಡಬೇಕು, ಒಳಬರುವ ದಿಕ್ಕಿಗಲ್ಲ. ಉಗ್ರಾಣದ ಗಾತ್ರವನ್ನು ಸಂತೆಯ ರೂಢಿ ನಿರ್ಧರಿಸಲಿ. ಬಂಗಾಳಿ ಗೃಹಸ್ಥ ಮೀನು, ತರಕಾರಿಗಳಿಗೆ ಬೆಳಿಗ್ಗೆ ಚೀಲ ಹಿಡಿದು ಬಜಾರಿಗೆ ಹೋಗುವವನು, ಅವನಿಗೆ ಸಣ್ಣ ಫ್ರಿಜ್ಜು ಸಾಕು. ತಿಂಗಳ ಸಾಮಾನು ಒಮ್ಮೆಗೇ ತರುವ ನಮ್ಮ ಮನೆಗೆ ಅಷ್ಟು ಕಪಾಟು ಬೇಕೇ ಬೇಕು.

ಚಿಕ್ಕ ಮನೆ ತನ್ನ ಗೋಡೆಗಳಿಂದ ಆಚೆಗೂ ಚಾಚಿಕೊಂಡಿರಬೇಕು. ಕೋಲ್ಕತ್ತದಲ್ಲಿ ಹರಟೆ ನಡೆಯುತ್ತಿದ್ದದ್ದು ರೋಯಾಕಿನ ಮೇಲೆ, ನಮ್ಮ ಜಗಲಿಕಟ್ಟೆಯ ಹಾಗೆ. ತಾರಸಿಯಲ್ಲಿ ಬೇಳೆಯ ‘ಬೋಡಿ’ ಒಣಗುತ್ತಿತ್ತು, ನಮ್ಮಲ್ಲಿ ಸಂಡಿಗೆ. ಮೆಟ್ಟಿಲ ತುದಿಯ ‘ಚಿಲೇಕೋಠಾ’ ಓದುವ ಹುಡುಗರ ಏಕಾಂತ. ಅಂಥ ತಾರಸಿಯ ಕೋಣೆಯೇ ರಾಯ್ ಅವರ ‘ಅಪುರ್ ಸಂಸಾರ್’ನಲ್ಲಿ ಅಪುವಿನ ಸಂಸಾರ. ಆದ್ದರಿಂದ ಫ್ಲ್ಯಾಟ್ ನೋಡಲು ಹೋದವರು ತಾರಸಿಯ ಬೀಗದ ಕೈ ಯಾರ ಬಳಿ ಇರುತ್ತದೆ, ಎಲ್ಲ ನಿವಾಸಿಗಳಿಗೂ ಹಕ್ಕಿದೆಯೇ ಎಂದು ಕೇಳಿಯೇ ಮುಂದುವರಿಯಬೇಕು. ಬಟ್ಟೆ ಒಣಗಿಸಲು ಜಾಗವಿಲ್ಲದ ಚಿಕ್ಕ ಮನೆ ಜುಲೈ ತಿಂಗಳಲ್ಲಿ ವಾಸಕ್ಕೆ ಯೋಗ್ಯವಾಗಿರುವುದಿಲ್ಲ.

ಜುಲೈ ಎಂದಾಗ ತೇವದ ಮಾತು. ಹೂಗ್ಲಿಯ ಜೇಡಿಮಣ್ಣಿನ ಮೇಲೆ ನಿಂತ ಊರಿನಲ್ಲಿ ಗೋಡೆಯಿಂದ ಉಪ್ಪು ಉಕ್ಕಿ ಸುಣ್ಣ ಉದುರುವುದು ಹಳೆಯ ಕಾಯಿಲೆ, ಅಲ್ಲಿನವರು ‘ನೋನಾ’ ಎನ್ನುತ್ತಾರೆ. ಪಾಯದ ಮೇಲೆ ತೇವ ತಡೆಯುವ ಪದರ ಸರಿಯಾಗಿ ಹಾಕಿಸುವುದೊಂದೇ ನಿಜವಾದ ಮದ್ದು. ಹಳೆಯ ಮನೆ ಕೊಂಡವರು ನೋನಾ ಹಿಡಿದ ಗೋಡೆಯನ್ನು ಹಲಗೆ, ವಾಲ್‌ಪೇಪರುಗಳಿಂದ ಮುಚ್ಚಿದರೆ ಒಳಗೊಳಗೇ ಕೊಳೆಯುತ್ತದೆ. ಕಪಾಟುಗಳು ಗೋಡೆಯಿಂದ ಎರಡಿಂಚು ದೂರ ಇರಲಿ, ಕದಗಳಿಗೆ ಖೊರ್‌ಖೊರಿಯಂಥ ಸೀಳುಗಳಿರಲಿ. ಒಳಾಂಗಣದವರು ಪ್ಲೈವುಡ್ ತಂದಾಗ ಅದರ ಮೇಲಿನ ಅಚ್ಚನ್ನು ಓದುವುದು ಮರೆಯಬಾರದು. ಸಿಂಕಿನ ಕೆಳಗೆ, ಬಚ್ಚಲಿನ ಪಕ್ಕಕ್ಕೆ ಐಎಸ್ 710 ದರ್ಜೆಯದು ಬೇಕು. ಒಣ ಜಾಗಗಳಿಗೆ ಐಎಸ್ 303 ನಡೆಯುತ್ತದೆ.

ಕಡೆಯದು ಕಾಗದಪತ್ರದ ವಿಷಯ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ಫ್ಲ್ಯಾಟಿನ ಅಳತೆ ಹೇಳಬೇಕಾದದ್ದು ಕಾರ್ಪೆಟ್ ಏರಿಯಾದಲ್ಲಿ. ಒಳಗಿನ ಅಡ್ಡಗೋಡೆಗಳು ಇದರಲ್ಲಿ ಸೇರುತ್ತವೆ. ಹೊರಗೋಡೆ, ಬಾಲ್ಕನಿ, ಖಾಸಗಿ ತಾರಸಿ ಸೇರುವುದಿಲ್ಲ. ಪಶ್ಚಿಮ ಬಂಗಾಳ 2017ರಲ್ಲಿ ತನ್ನದೇ ಬೇರೆ ಕಾಯ್ದೆ ಮಾಡಿಕೊಂಡಿತ್ತು, ಸುಪ್ರೀಂ ಕೋರ್ಟ್ ಅದನ್ನು 2021ರ ಮೇ ತಿಂಗಳಲ್ಲಿ ರದ್ದು ಮಾಡಿದ್ದರಿಂದ ಈಗ ಅಲ್ಲೂ ಕೇಂದ್ರದ ಕಾಯ್ದೆಯೇ ಆಧಾರ. ಆದರೂ ದಲ್ಲಾಳಿಗಳ ಬಾಯಲ್ಲಿ ಸೂಪರ್ ಬಿಲ್ಟ್‌ಅಪ್ ಎಂಬ ಉಬ್ಬಿದ ಅಳತೆಯೇ ಓಡಾಡುತ್ತದೆ, ಲಿಫ್ಟು ಮತ್ತು ಮೆಟ್ಟಿಲುಗಳ ಪಾಲನ್ನೂ ಸೇರಿಸಿಕೊಂಡು. ಮನೆ ನೋಡಲು ಹೋಗುವಾಗ ಚೀಲದಲ್ಲಿ ಒಂದು ಅಳತೆಪಟ್ಟಿ, ಮೊಬೈಲಿನಲ್ಲಿ ದಿಕ್ಸೂಚಿ, ಎರಡು ಊದುಬತ್ತಿ ಇಟ್ಟುಕೊಳ್ಳಬೇಕು. ಬೇಸಿಗೆಯ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ, ಫ್ಯಾನು ಆರಿಸಿ, ಮಲಗುವ ಕೋಣೆಯ ನಡುವೆ ಬತ್ತಿ ಹಚ್ಚಿ ಹಿಡಿದರೆ ಹೊಗೆ ಕಿಟಕಿಯತ್ತ ವಾಲುತ್ತದೋ, ಸೂರಿನ ಕೆಳಗೇ ಸುತ್ತುತ್ತದೋ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ದರದ ಮಾತುಕತೆ ಅದಾದ ಮೇಲೆ.